ಗದಿಗೆವ್ವನ ಸಕ್ಕರೆಯ ಕಾವು

ದಸರೆ ಕಳೆದ ಮೇಲೆ ಲಕ್ಷ್ಮೇಶ್ವರದ ಪೇಟೆಯಲ್ಲಿ ಗದಿಗೆವ್ವನ ಮನೆ ಎಲ್ಲಿ ಎಂದು ಯಾರನ್ನು ಕೇಳಿದರೂ, "ಮೂಗು ಕರಕೊಂಡು ಹೋದಕಡೆ ಹೋಗ್ರಿ" ಎನ್ನುತ್ತಿದ್ದರು. ಅಲ್ಲಿಂದ ಗೌರಿ ಹುಣ್ಣಿಮೆಯವರೆಗೆ ಆ ಓಣಿಗೆಲ್ಲ ಕುದಿಯುವ ಸಕ್ಕರೆಯ ವಾಸನೆ. ತೇಗದ ಅಚ್ಚಿನಲ್ಲಿ ಪಾಕ ಹೊಯ್ದು ಗಿಳಿ, ಆನೆ, ನವಿಲು, ಬಸವಣ್ಣ, ಗೌರಿಯ ಗೊಂಬೆ ತೆಗೆಯುವುದು ಅವಳ ಕಸುಬು. ಹುಣ್ಣಿಮೆಯ ಸಂಜೆ ಹೆಣ್ಣುಮಕ್ಕಳು ಆ ಬಿಳಿ ಗೊಂಬೆಗಳನ್ನು ತಟ್ಟೆಯಲ್ಲಿಟ್ಟು, ದೀಪ ಹಚ್ಚಿ ಗೌರಿಗೆ ಬೆಳಗುತ್ತಾರೆ. ಅದೇ ಸಕ್ಕರೆ ಆರತಿ. ಮದುವೆ ನಿಶ್ಚಯವಾದ ಹುಡುಗಿಗಂತೂ ಗಂಡಿನ ಮನೆಯವರೇ ಆರತಿ ಹೊತ್ತು ಅವಳ ಊರಿಗೆ ಹೋಗಬೇಕು. ಹೀಗಾಗಿ ಸುತ್ತಲಿನ ಎಷ್ಟೋ ಮದುವೆಗಳು ಗದಿಗೆವ್ವನ ಒಲೆಯ ಮುಂದೆ ಹಾದೇ ಮುಂದೆ ಹೋಗಿದ್ದವು. ಅದನ್ನು ಹತ್ತು ಮಂದಿಯ ಎದುರು ಹೇಳಿಕೊಳ್ಳಲು ಅವಳಿಗೆ ಯಾವ ಸಂಕೋಚವೂ ಇರಲಿಲ್ಲ.

"ಲಗ್ನ ಅಯ್ನಾರು ಮಾಡಸ್ತಾರ, ಖರೆ. ಆದ್ರ ಅದಕ್ಕೂ ಮೊದಲ ನನ್ನ ಅಚ್ಚಿನಾಗ ಗಟ್ಟಿ ಆಗಬೇಕು" ಎನ್ನುತ್ತಿದ್ದಳು.

ಅವಳು ಹುಟ್ಟಿದ್ದು ಶಿರಹಟ್ಟಿಯಲ್ಲಿ. ಅದು ಆಗ ಸಾಂಗಲಿ ಸಂಸ್ಥಾನ. ಮದುವೆಯಾಗಿ ಬಂದದ್ದು ಲಕ್ಷ್ಮೇಶ್ವರಕ್ಕೆ. ಇದು ಮಿರಜದವರದು. ಸ್ವಾತಂತ್ರ್ಯ ಬಂದ ಮರುವರ್ಷ ರಾಜರು ಹೋದರು, ಮುಂಬೈ ಸರಕಾರ ಬಂತು. ಐವತ್ತಾರರಲ್ಲಿ ಕನ್ನಡ ನಾಡೆಲ್ಲ ಒಂದಾಗಿ ಮೈಸೂರು ರಾಜ್ಯವಾಯಿತು. "ನಾ ಮುಂಜಾನಿ ನಡದು ಮಧ್ಯಾಹ್ನಕ್ಕ ಮುಟ್ಟೂವಷ್ಟು ದೂರದಾಗ ನಾಕು ಸರಕಾರ ಕಂಡೇನಿ. ಒಂದಕ್ಕೂ ಪಾಕ ತಗಿಯೂದು ಗೊತ್ತಿರಲಿಲ್ಲ" ಎಂದು ಅವಳು ನಗುತ್ತಿದ್ದಳು. ಗಂಡ ಉಡಚಪ್ಪ ಒಲೆಯ ಉರಿ ನೋಡಿಕೊಳ್ಳುವವನು. ಹೆಂಡತಿ ಹತ್ತು ಮಾತಾಡಿದರೆ ಇವನು ಒಂದು ಕಟ್ಟಿಗೆ ಮುಂದೆ ಸರಿಸುತ್ತಿದ್ದ. ಅವರ ಸಂಸಾರಕ್ಕೆ ಅಷ್ಟು ಸಾಕಾಗಿತ್ತು.

ಇಷ್ಟು ಬಾಯಿಮಾಡುವ ಹೆಂಗಸು ಕಸುಬಿನ ಒಳಗುಟ್ಟನ್ನು ಮಾತ್ರ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು. ಪಾಕದ ಹಿತ್ತಾಳೆ ಬೋಗುಣಿಯನ್ನು ಬೂದಿಯಿಂದಲೇ ತಿಕ್ಕಬೇಕು, ಹುಣಸೆಹಣ್ಣು ಅದರ ಹತ್ತಿರ ಸುಳಿಯಬಾರದು. ಯಾಕೆ ಎಂದು ಮಗಳು ಹನಮಂತವ್ವ ಕೇಳಿದರೆ, "ಹೇಳಿದಷ್ಟು ಮಾಡು" ಎಂಬ ಉತ್ತರ. ಇಳಿಸಿದ ಪಾಕದ ಬೋಗುಣಿಯ ತಳಕ್ಕೆ ಅಂಗೈಯ ಹಿಂಬದಿ ಹಚ್ಚಿ ಕೂರುವಳು. ಅದೇನು ಎಂದರೆ, "ಏನಿಲ್ಲ, ರೂಢಿ." ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೇ ಹೇಳದವಳು ಊರಿಗೆ ಹೇಳಿಯಾಳೇ?

ಆ ಕೈಯನ್ನು ಮೊದಲು ಸರಿಯಾಗಿ ನೋಡಿದವರು ಜಯತೀರ್ಥ ಮಾಸ್ತರರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದರು. ಐವತ್ತನೆಯ ಇಸವಿಯ ಸುಮಾರು, ಹೆಂಡತಿ ಕಮಲಾಬಾಯಿಗೆಂದು ಆರತಿ ಒಯ್ಯಲು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

"ಗದಿಗೆವ್ವ, ತಳಕ್ಕ ಕೈ ಹಚ್ಚಿ ಏನು ನೋಡ್ತೀರಿ?"

"ಏನಿಲ್ರೀ ಮಾಸ್ತರ, ರೂಢಿ."

ಮಾಸ್ತರರು ಅಷ್ಟಕ್ಕೆ ಬಿಡುವವರ ಪೈಕಿ ಅಲ್ಲ. ಮರುದಿನ ಶಾಲೆಯಿಂದ ಉಷ್ಣಮಾಪಕ ತಂದು, ಆರುತ್ತಿದ್ದ ಪಾಕದಲ್ಲಿ ಅದ್ದಿ ಕುಳಿತರು. ಗಾಜಿನ ಕಡ್ಡಿಯೊಳಗಿನ ಪಾದರಸ ಇಳಿಯಿತು, ಇಳಿಯಿತು. ಗದಿಗೆವ್ವ ಸವಟಿನಿಂದ ತಿಕ್ಕತೊಡಗಿದಳು. ಪಾಕ ಮಬ್ಬಾಯಿತು, ಬೆಳ್ಳಗಾಯಿತು. ಆಗ ಪಾದರಸ ನಿಂತು, ಮೇಲಕ್ಕೆ ಏರಿತು. ಕೆಳಗೆ ಒಲೆಯಿಲ್ಲ, ಕೆಂಡವಿಲ್ಲ. ಮಾಸ್ತರರಿಗೆ ಎಷ್ಟು ಆನಂದವಾಯಿತೆಂದರೆ ಮಡಿ ಧೋತರ ಮರೆತು ಕಟ್ಟಿಗೆ ರಾಶಿಯ ಮೇಲೆ ಕೂತುಬಿಟ್ಟರು.

"ನೀವು ಕೈಲೇ ನೋಡೂದು ಇದನ್ನೇ ಏನು?"

ಸಿಕ್ಕಿಬಿದ್ದ ಗದಿಗೆವ್ವ ಒಪ್ಪಿಕೊಂಡಳು. "ಹೌದ್ರಿ. ಕಾವು ಒಮ್ಮೆ ಮರಳಿ ಬರಬೇಕು. ಬಂದ್ರ ಹರಳು ಕಟ್ಟೇತಿ ಅಂತ ಲೆಕ್ಕ. ಬರ್ಲಿಲ್ಲಂದ್ರ ಪಾಕ ಗಾಜಾತು. ನೋಡಾಕ ಚಂದ, ನಿಂದ್ರಾಕ ದಮ್ಮಿಲ್ಲ."

ಸಕ್ಕರೆಗೆ ಹೀಗೆ ಎರಡು ಬುದ್ಧಿ. ಹರಳುಗಟ್ಟಿದರೆ ಬೆಳ್ಳಗೆ, ಗಟ್ಟಿಯಾಗಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಒಂದಿಷ್ಟು ಹುಳಿ ಬಿದ್ದರೆ ಹರಳುಗಟ್ಟುವುದನ್ನೇ ಮರೆತು, ದ್ರವವಾಗಿದ್ದಾಗ ಹೇಗಿತ್ತೋ ಹಾಗೆಯೇ ಬಿಗಿದುಕೊಂಡು ಗಾಜಾಗುತ್ತದೆ. ಮಾಸ್ತರರು ನಿಂಬೆ ಹಿಂಡಿಸಿ ಅದನ್ನೂ ನೋಡಿದರು. ಪಾದರಸ ಒಮ್ಮೆಯೂ ಮೇಲೇರದೆ ಸೀದಾ ಇಳಿದುಹೋಯಿತು. "ಒಳಗಿನ ಕಾವು ಇದು ಬಿಡಲೇ ಇಲ್ಲ ನೋಡ್ರಿ" ಎಂದು ತಮ್ಮ ವಹಿಯಲ್ಲಿ ಬರೆದುಕೊಂಡರು.

ಅಲ್ಲಿಂದ ಅವರಿಗೆ ಹುಚ್ಚೇ ಹಿಡಿಯಿತು. ಬಿಸಿಯಲ್ಲಿ ಹೀಗಾದರೆ ಥಂಡಿಯಲ್ಲಿ ಹೇಗೆ? ಗದುಗಿನಿಂದ ಬಸ್ಸಿನ ಮೇಲೆ ಹೊಟ್ಟು ತುಂಬಿದ ಚೀಲದಲ್ಲಿ ಮಂಜುಗಡ್ಡೆ ತರಿಸಿದರು. ಅರ್ಧ ದಾರಿಯಲ್ಲೇ ಕರಗಿ ಕಂಡಕ್ಟರನ ತಲೆಯ ಮೇಲೆ ಸುರಿಯಿತೆಂದು ಜಗಳವೂ ಆಯಿತು. ಉಳಿದ ಗಡ್ಡೆಗೆ ಉಪ್ಪು ಬೆರೆಸಿ, ಮೇಲೊಂದು ತಗಡು ಹಾಸಿ, ಬೆರಳುದಪ್ಪದ ಎರಡು ಸಕ್ಕರೆ ಬಿಲ್ಲೆ ಇಟ್ಟರು. ಒಂದು ಹರಳಿನದು, ಒಂದು ಗಾಜಿನದು. ಗದಿಗೆವ್ವನ ಕಣ್ಣಿಗೆ ಬಟ್ಟೆ ಕಟ್ಟಿ, ಬಿಲ್ಲೆಗಳ ತಲೆಯ ಮೇಲೆ ಒಂದೊಂದು ಬೆರಳು ಇಡಿಸಿದರು. ಸ್ವಲ್ಪ ಹೊತ್ತಿಗೆ ಅವಳು ಎಡಗೈ ಎತ್ತಿ, "ಇದು ಹರಳು. ಕೆಳಗಿನ ಥಂಡಿ ಮ್ಯಾಲ ಬಂತು. ಆ ಇನ್ನೊಂದು ಹಟಮಾರಿ, ಇನ್ನೂ ಕುಂತೈತಿ" ಎಂದಳು. ಮೂರು ಸಲ ಬಿಲ್ಲೆ ಅದಲುಬದಲು ಮಾಡಿದರು. ಮೂರು ಸಲವೂ ಸರಿ ಹೇಳಿದಳು.

ಮಾಸ್ತರರು ಹೇಳಿದ ಕಾರಣ ಅವಳಿಗೆ ಬಹಳ ಹಿಡಿಸಿತು. "ಹರಳಿನ್ಯಾಗ ಸಕ್ಕರಿ ಅಣುಗಳು ಶಾಲಿ ಹುಡುಗರ ಹಂಗ ಸಾಲಾಗಿ ನಿಂತಿರ್ತಾವ. ಕೈಯಿಂದ ಕೈಗೆ ಕಾವು ದಾಟಿ ಹೋಗ್ತದ. ಗಾಜಿನ್ಯಾಗ ಸಂತಿ ಮಂದಿ ನಿಂತಂಗ. ಸಾಲಿಲ್ಲ, ಪಾಳಿಯಿಲ್ಲ. ಕಾವು ನಡುವನ ದಾರಿ ತಪ್ಪತದ."

ಕೊನೆಗೆ ಎರಡು ಗಾಜುಸಕ್ಕರೆ ಗಿಳಿಗಳನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟರು. ಒಂದು ಮೇಣದಿಂದ ಬಾಯಿ ಮುಚ್ಚಿದ ಬರಣಿಯಲ್ಲಿ, ಇನ್ನೊಂದು ಏನೂ ಮುಚ್ಚದೆ ಬಯಲಿಗೆ. ಗದುಗಿನಿಂದ ಹೊಸ ಗಡ್ಡೆ ತರಿಸಿ ತುಂಬುತ್ತ ಎಂಟು ದಿನ ಕಾಯ್ದು ಹೊರತೆಗೆದಾಗ ಬರಣಿಯ ಗಿಳಿ ಇಟ್ಟಂತೆಯೇ ಇತ್ತು. ಬಯಲಿನದು ಗಾಳಿ ಮುಟ್ಟಿದ ಕೂಡಲೇ ಬೆವತು, ಜಿಗುಟಾಗಿ, ಕೊಕ್ಕಿನಿಂದ ಹನಿ ಇಳಿಸಿತು. "ನೆನಪಿರ್ಲಿ ಗದಿಗೆವ್ವ, ಗಾಜಿಗೆ ಥಂಡಿನೂ ಬೇಕು, ಹಸಿ ಗಾಳಿನೂ ತಾಕಬಾರದು" ಎಂದರು ಮಾಸ್ತರರು. ಮುಂದೆ ಅವರಿಗೆ ಧಾರವಾಡಕ್ಕೆ ವರ್ಗವಾಯಿತು. ಹೋಗುವಾಗ ತಮ್ಮದೇ ಒಂದು ಉಷ್ಣಮಾಪಕವನ್ನು ಅವಳಿಗೆ ಕೊಟ್ಟರು. ಅವಳು ಅದನ್ನು ಸವಟುಗಳ ಸಾಲಿನಲ್ಲಿ ತೂಗುಹಾಕಿ ಪ್ರತಿ ವರ್ಷ ಆಯುಧಪೂಜೆಯ ದಿನ ಕುಂಕುಮ ಹಚ್ಚಿದಳು. ಬಳಸಲಿಲ್ಲ. ಕೈ ಇರುವಾಗ ಕಡ್ಡಿ ಯಾಕೆ?

ಮಾಸ್ತರರ ಮಾತಿನಲ್ಲಿ ಎರಡು ತುದಿ ಇದ್ದವು. ಗದಿಗೆವ್ವ ಒಂದನ್ನು ಮಾತ್ರ ಹಿಡಿದುಕೊಂಡಳು. ಅದರ ಫಲ ಆರು ವರ್ಷದ ಮೇಲೆ ಕೈಗೆ ಬಂತು.

ಐವತ್ತಾರರ ನವೆಂಬರ್. ರಾಜ್ಯ ಒಂದಾದ ದಿನ ಊರಿಗೆ ಊರೇ ಬೀದಿಯಲ್ಲಿತ್ತು. ಗದಿಗೆವ್ವ ಪೇಟೆಯಲ್ಲಿ ನಿಂತು ಸಿಕ್ಕವರ ಬಾಯಿಗೆಲ್ಲ ಸಕ್ಕರೆ ಹಾಕಿದ್ದಳು. ಅವಳಿಗೆ ಇನ್ನೊಂದು ಸಂತೋಷವೂ ಇತ್ತು. ಬೆಟಗೇರಿಯ ಹತ್ತಿ ಕಾರಖಾನೆಯಲ್ಲಿ ಕೆಲಸ ಮಾಡುವ ಮಗ ಅಂದಪ್ಪನಿಗೆ ಮುಂಡರಗಿ ಕಡೆಯ ಹಿರೇವಡ್ಡಟ್ಟಿಯ ಅನ್ನಪೂರ್ಣವ್ವ ನಿಶ್ಚಯವಾಗಿದ್ದಳು. ಹುಡುಗಿಯನ್ನು ಗದಿಗೆವ್ವ ಮನಸಾರೆ ಮೆಚ್ಚಿದ್ದಳು. ರೊಟ್ಟಿ ಬಡಿಯುವಾಗ ಹಂಚಿನ ಕಾವನ್ನು ಕೈ ಆಡಿಸಿ ನೋಡುವ ಅವಳ ರೀತಿಯೇ ಬೇರೆ. ಎರಡು ಗಂಡು ನೋಡಿಹೋದ ಮೇಲೆ ಕೂಡಿಬಂದ ಸಂಬಂಧ ಅದು. ಊರಿಗೆಲ್ಲ ಆರತಿ ಮಾಡಿಕೊಟ್ಟವಳು ಈಗ ತನ್ನ ಸೊಸೆಗೆ ಆರತಿ ಒಯ್ಯಬೇಕಿತ್ತು.

ಹಬ್ಬಕ್ಕೆಂದು ತವರಿಗೆ ಬಂದ ಹನಮಂತವ್ವನಿಗೂ ತಮ್ಮನ ಲಗ್ನದ ಉಮೇದು. ತಮ್ಮನ ಆರತಿಯ ಬೋಗುಣಿ ಬಂಗಾರದಂತೆ ಹೊಳೆಯಲಿ ಎಂದು, ಅವ್ವ ಹೊರಗೆ ಹೋದಾಗ, ಹುಣಸೆಹಣ್ಣು ಹಚ್ಚಿ ಗಸಗಸ ತಿಕ್ಕಿಟ್ಟಳು. ಬೋಗುಣಿಯ ಅಂಚಿನಲ್ಲಿ, ಹಿಡಿಕೆಯ ಸಂದಿನಲ್ಲಿ ಹುಳಿ ಉಳಿದದ್ದು ಅವಳಿಗೆ ಹೇಗೆ ಗೊತ್ತಾಗಬೇಕು? ಗೊತ್ತುಮಾಡಿಸಿದವರಾದರೂ ಯಾರು?

ಗದಿಗೆವ್ವ ಪಾಕ ಇಳಿಸಿ ತಳಕ್ಕೆ ಕೈ ಹಚ್ಚಿದಳು. ಎಷ್ಟು ತಿಕ್ಕಿದರೂ ಕಾವು ಮರಳಲಿಲ್ಲ. ಬೇರೆಯವರ ಆರತಿಯಾಗಿದ್ದರೆ ಪಾಕ ಬದಿಗೆ ಸರಿಸಿ ಹೊಸದು ಇಡುತ್ತಿದ್ದಳು. ಆದರೆ ತನ್ನ ಸೊಸೆಯದಲ್ಲವೇ, ಹೇಗೆ ಬರುತ್ತದೋ ನೋಡೋಣವೆಂದು ಅಚ್ಚಿಗೆ ಹೊಯ್ದಳು, ಬಿಚ್ಚಿದಾಗ ಹೊರಬಂದ ಗೊಂಬೆಗಳನ್ನು ಎತ್ತಿ ದೀಪಕ್ಕೆ ಹಿಡಿದಳು. ಹೊಗೆಯಿಲ್ಲದ ಗಾಜು. ಗಿಳಿಯ ಆಚೆಗಿನ ದೀಪ ಗಿಳಿಯೊಳಗೇ ಉರಿಯುತ್ತಿತ್ತು. ಓಣಿಯ ಹೆಂಗಸರು ಬಂದು, "ಅಯ್ಯ, ಇಂಥಾ ಆರತಿ ಯಾವ ಬೀಗರೂ ಕಂಡಿಲ್ಲ ಬಿಡ" ಎಂದರು. ಹೊಗಳಿಕೆಗೆ ಹೊನ್ನಶೂಲಕ್ಕೇರುವವರು ಗಂಡಸರಷ್ಟೇ ಅಲ್ಲ.

"ಇದು ಗಾಜಲ್ಲೇನ?" ಎಂದ ಉಡಚಪ್ಪ. ವರ್ಷಕ್ಕೊಮ್ಮೆ ಮಾತಾಡುವವನು ಅಂದೇ ಮಾತಾಡಿದ್ದ.

"ಗಾಜ ಇರ್ಲಿ. ಥಂಡಿ ದಿನ ಐತಿ. ಥಂಡ್ಯಾಗ ಗಾಜಿಗೆ ಏನೂ ಆಗೂದಿಲ್ಲ, ಮಾಸ್ತರರ ಹೇಳ್ಯಾರ" ಎಂದು ಗದಿಗೆವ್ವ ಗೊಂಬೆಗಳನ್ನು ಹತ್ತಿಯಲ್ಲಿ ಸುತ್ತಿ ಬುಟ್ಟಿಗಿಟ್ಟಳು. ದಾರಿಯಲ್ಲಿ ಒಂದೆರಡು ಮುರಿದರೆ ಇರಲಿ ಎಂದು ಯಾವಾಗಿನಂತೆ ಒಂದು ಗಿಳಿಯ ಅಚ್ಚನ್ನೂ ಗಂಟಿನಲ್ಲಿ ಹಾಕಿಕೊಂಡಳು.

ಹುಣ್ಣಿಮೆಯ ದಿನ ಮುಂಡರಗಿಗೆ ಬಸ್ಸು, ಅಲ್ಲಿಂದ ಚಕ್ಕಡಿ. ಕಪ್ಪತಗುಡ್ಡದ ಮೇಲೆ ಮೋಡ ಕೂತಿತ್ತು. ಹಿರೇವಡ್ಡಟ್ಟಿ ಮುಟ್ಟುವ ಹೊತ್ತಿಗೆ ಜಿನುಗು ಮಳೆ. ಬೀಗರ ಪಡಸಾಲೆಯಲ್ಲಿ ಊರ ಹೆಂಗಸರು ಕಿಕ್ಕಿರಿದಿದ್ದರು, ಒಳಗೆ ಕಡುಬು ಬೇಯುತ್ತಿತ್ತು, ಉಗಿ ಮನೆಯೆಲ್ಲ ತುಂಬಿತ್ತು. ಗದಿಗೆವ್ವ ತಟ್ಟೆಯಲ್ಲಿ ಗೊಂಬೆ ಜೋಡಿಸಿ ಮೇಲಿನ ವಸ್ತ್ರ ಸರಿಸಿದಾಗ ಎಲ್ಲರೂ ಒಮ್ಮೆಗೇ "ಅಬ್ಬಾ!" ಎಂದರು. ಆ ಒಂದು ಉಸಿರು ಅವಳ ಎದೆಯನ್ನು ಗೇಣು ಅಗಲ ಮಾಡಿತು.

ಅನ್ನಪೂರ್ಣವ್ವನನ್ನು ಮಣೆಯ ಮೇಲೆ ಕೂರಿಸಿದರು. ಉಡಿ ತುಂಬಿದರು. ಹಾಡು ಶುರುವಾಯಿತು. ಎರಡನೆಯ ಹಾಡು ಮುಗಿಯುವ ಮೊದಲೇ ಗೊಂಬೆಗಳ ಮೈ ಬೆವತಿತ್ತು. ಗೌರಿಯ ಕೆನ್ನೆಯ ಮೇಲೆ ಒಂದು ಹನಿ ಹುಟ್ಟಿತು, ನಿಧಾನವಾಗಿ ಇಳಿಯಿತು, ಗದ್ದದಲ್ಲಿ ನಿಂತು ತಟ್ಟೆಗೆ ಬಿತ್ತು.

ಹಾಡು ನಿಂತಿತು. ಹುಡುಗಿಯ ಅಜ್ಜಿ ಕರಿಯವ್ವ ಕೋಲೂರಿ ಹತ್ತಿರ ಬಂದಳು. ಆ ಮನೆಯಲ್ಲಿ ಅವಳ ಮಾತೇ ಕಡೆಯ ಮಾತು.

"ಗೌರಿ ಅಳಾಕತ್ತಾಳ" ಎಂದಳು. "ನಲವತ್ತು ವರ್ಷ ಆರತಿ ನೋಡೇನಿ. ಅಳೂ ಆರತಿ ನೋಡಿರ್ಲಿಲ್ಲ. ಬೀಗತಿ, ತಟ್ಟಿ ಎತ್ತು. ಈ ಲಗ್ನ ನಮಗ ಬ್ಯಾಡ."

ಅನ್ನಪೂರ್ಣವ್ವ ತಲೆ ಎತ್ತಲಿಲ್ಲ. ಉಡಿಯ ಅಕ್ಕಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಳು. ಇದು ತಪ್ಪಿದರೆ ಮೂರನೆಯ ಸಂಬಂಧ ತಪ್ಪಿದಂತೆ. ಆಮೇಲೆ ಅಪಶಕುನದ ಹೆಣ್ಣು ಎಂಬ ಹೆಸರು ಸಾಯುವವರೆಗೆ. ಗದಿಗೆವ್ವ ಆ ಕೈಗಳನ್ನು ನೋಡಿದಳು. ಅವಳಿಗೆ ತನ್ನ ಹೆಸರು ಹೋಯಿತೆಂಬುದಕ್ಕಿಂತ ಅದು ಹೆಚ್ಚು ಚುಚ್ಚಿತು.

ಹಿಂದಿನಿಂದ ಹನಮಂತವ್ವ ಅಳುತ್ತ ಅಂದಳು, "ಯವ್ವಾ, ನಾನ ಬೋಗಾಣಿಗೆ ಹುಣಸಿಹಣ್ಣು ಹಚ್ಚಿ ತಿಕ್ಕೀನಿ. ಹೊಳೀಲಿ ಅಂತ ತಿಕ್ಕಿನವ್ವಾ."

ಮಗಳ ಮೇಲೆ ಎಲ್ಲವನ್ನೂ ಹೊರಿಸಿ ಕೈ ತೊಳೆದುಕೊಳ್ಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಗದಿಗೆವ್ವನ ನಾಲಿಗೆ ತುದಿಗೆ ಬೈಗುಳ ಬಂದೂ ಇತ್ತು. ಅದನ್ನು ನುಂಗಿದಳು.

"ತಪ್ಪು ನಿಂದಲ್ಲ. ಹೇಳಿದಷ್ಟು ಮಾಡು ಅಂದೆ, ಯಾಕ ತಿಕ್ಕಬಾರದು ಅಂತ ನಾ ಒಂದ ದಿನ ಹೇಳ್ಲಿಲ್ಲ" ಎಂದು ಕರಿಯವ್ವನ ಕಡೆ ತಿರುಗಿದಳು. "ಎವ್ವಾ, ಕೇಳ್ರಿ. ಹುಳಿ ಬಿದ್ದು ಪಾಕ ಗಾಜಾತು. ಗಾಜಾಗೇತಿ ಅಂತ ನನ್ನ ಕೈಗೆ ಗೊತ್ತಿತ್ತು. ಗೊತ್ತಿದ್ದೂ ಚಂದಕ್ಕ ಮಳ್ಳಾಗಿ ತಂದೆ. ಗಾಜಿಗೆ ಹಸಿ ಗಾಳಿ ಆಗಿಬರೂದಿಲ್ಲ, ನೀರು ಬಿಡತೈತಿ. ಇಲ್ಲಿ ಅತ್ತಾಕಿ ಗೌರಿ ಅಲ್ಲ. ನನ್ನ ಸೊಕ್ಕು ಕರಗಾಕತ್ತೈತಿ."

"ಬಾಯಿಮಾತು ಬ್ಯಾಡ" ಎಂದಳು ಕರಿಯವ್ವ. "ತೋರಸು."

ತೋರಿಸು ಎಂದರೆ ಗದಿಗೆವ್ವನಿಗೆ ಆನೆಯ ಬಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, "ಒಂದು ಬೋಗಾಣಿ ಕೊಡ್ರಿ, ಬೂದಿ ಕೊಡ್ರಿ, ಒಂದೆರಡು ಸೇರು ಸಕ್ಕರಿ, ಒಂದು ಚಟಾಕು ಹಾಲು" ಎಂದಳು. ಗಿಳಿಯ ಅಚ್ಚನ್ನು ನೀರಿನಲ್ಲಿ ನೆನೆಹಾಕಿದಳು. ಬೋಗುಣಿಯನ್ನು ತಾನೇ ಬೂದಿಯಿಂದ ತಿಕ್ಕಿ ಮೂರು ನೀರಿನಲ್ಲಿ ತೊಳೆದಳು. ಉಡಚಪ್ಪ ಯಾರೂ ಹೇಳದೆ ಒಲೆಯ ಮುಂದೆ ಕೂತಿದ್ದ. ಪಾಕ ಕುದಿಯಿತು, ಹಾಲು ಬಿದ್ದು ಕೊಳೆ ನೊರೆಯಾಗಿ ಮೇಲೆ ಬಂತು, ತೆಗೆದು ಸೋಸಿ ಮತ್ತೆ ಕುದಿಸಿದಳು. ಇಳಿಸಿ, ಯಾರೂ ಅಲುಗಾಡಿಸದಂತೆ ಆರಲು ಬಿಟ್ಟಳು. ಪಡಸಾಲೆಯಲ್ಲಿ ಒಬ್ಬರೂ ಎದ್ದುಹೋಗಲಿಲ್ಲ.

ಬೋಗುಣಿ ಕೈ ತಡೆಯುವಷ್ಟು ಆರಿದಾಗ ಗದಿಗೆವ್ವ ಅದನ್ನು ಎರಡು ಇಟ್ಟಿಗೆಗಳ ಮೇಲಿಟ್ಟು, "ಎವ್ವಾ, ಇಲ್ಲಿ ಕುಂಡ್ರಿ. ತಳಕ್ಕ ಅಂಗೈ ಹಿಂದ ಹಚ್ರಿ" ಎಂದಳು. ಮಾಸ್ತರರೊಬ್ಬರನ್ನು ಬಿಟ್ಟು ಇಪ್ಪತ್ತು ವರ್ಷ ಯಾರಿಗೂ ಬಿಟ್ಟುಕೊಡದ ಗುಟ್ಟನ್ನು ಊರ ಮುಂದೆ ತೋರಿಸಿದಳು.

ಕರಿಯವ್ವ ಕೈ ಹಚ್ಚಿದಳು. "ಆರಾಕತ್ತೈತಿ."

"ಹಂಗ ಇರ್ರಿ." ಗದಿಗೆವ್ವ ಸವಟು ಹಾಕಿ ತಿಕ್ಕಿದಳು. ಒಂದು ಕಡೆ ಮೋಡ ಕವಿದಂತೆ ಪಾಕ ಮಬ್ಬಾಯಿತು. ಮಬ್ಬು ಹರಡಿತು. ನೋಡುನೋಡುತ್ತ ಬೋಗುಣಿಯೆಲ್ಲ ಹಾಲಾಯಿತು.

ಕರಿಯವ್ವನ ಹುಬ್ಬು ಮೇಲೇರಿತು. "ಎಲಾ ಇದರ! ಬಿಸಿ ಆತು! ಒಲಿ ಇಲ್ಲ, ಕೆಂಡ ಇಲ್ಲ, ಬಿಸಿ ಎಲ್ಲಿಂದ ಬಂತ?"

"ಅದರೊಳಗ ಇತ್ರಿ. ಸಕ್ಕರಿ ಸಾಲಾಗಿ ಕುಂಡ್ರೂವಾಗ ಒಳಗಿನ ಕಾವು ಹೊರಗ ಹಾಕತೈತಿ. ನಾ ತಂದ ಆರತಿ ಇದನ್ನ ಹೊರಗ ಹಾಕಿರ್ಲಿಲ್ಲ. ಸಂತಿ ಮಂದಿ ಹಂಗ ಗಜಿಬಿಜಿ ನಿಂತ ಬಿಟ್ಟಿತ್ತು. ಅದಕ್ಕ ದಮ್ಮಿರ್ಲಿಲ್ಲ. ಇದಕ್ಕ ಐತಿ."

ಸ್ವಲ್ಪ ಬೆಚ್ಚಗೆ ಮಾಡಿ ಸಡಿಲಿಸಿ ಅಚ್ಚಿಗೆ ಹೊಯ್ದಳು. ಬಿಚ್ಚಿದಾಗ ಬಿಳಿಯ ಗಿಳಿ. ಮಳೆ ಜಿನುಗುತ್ತಿದ್ದ ಕಿಟಕಿಯಲ್ಲಿ ಅದನ್ನು ಇಟ್ಟರು. ಉಗಿ ತುಂಬಿದ ಅಡಿಗೆಮನೆಯಲ್ಲೂ ಇಟ್ಟು ನೋಡಿದರು. ಗಿಳಿ ಒಂದು ಹನಿ ಬಿಡಲಿಲ್ಲ. ಕರಿಯವ್ವ ಅದರ ಬೆನ್ನನ್ನು ಉಗುರಿನಿಂದ ಕೆರೆದಳು, ಮೂಸಿದಳು, ಕೊನೆಗೆ ತಟ್ಟೆಯ ನಡುವೆ ತಾನೇ ಇಟ್ಟಳು.

"ಲಗ್ನ ಆಗಲಿ" ಎಂದಳು. "ಆದ್ರ ನಂದೊಂದು ಕರಾರು. ಸ್ವಂತ ಮಗಳಿಗೆ ಹೇಳದ ನೀ ಇಷ್ಟು ಮಾಡಿಕೊಂಡಿ. ನಮ್ಮ ಕೂಸಿಗೆ 'ಹೇಳಿದಷ್ಟು ಮಾಡು' ಅನಬಾರದು. ಯಾಕ ಅನ್ನೂದು ಹೇಳಬೇಕು."

ಗದಿಗೆವ್ವ ತಲೆಯಾಡಿಸಿ ಒಪ್ಪಿದಳು. ಹನಮಂತವ್ವನ ಕಡೆ ನೋಡಿದಳು. ಅವಳಿನ್ನೂ ಮೂಗು ಒರೆಸಿಕೊಳ್ಳುತ್ತಿದ್ದಳು. ಎಷ್ಟು ಸಲ ಕೇಳಿದ್ದಳು ಈ ಕೂಸು! ಗದಿಗೆವ್ವನಿಗೆ ತನ್ನ ಮೇಲೇ ನಾಚಿಕೆಯಾಯಿತು.

ತಟ್ಟೆ ತುಂಬಲು ಇನ್ನೂ ನಾಲ್ಕು ಗಿಳಿ ಬೇಕಿತ್ತು. ಪಾಕ ಮತ್ತೆ ಒಲೆಗೆ ಏರಿತು. ಇಳಿಸಿ ಆರಿದ ಮೇಲೆ ಗದಿಗೆವ್ವ ಸವಟನ್ನು ಮಗಳ ಕೈಗೆ ಕೊಟ್ಟು, ಮಣೆಯ ಮೇಲಿದ್ದ ಹುಡುಗಿಯನ್ನು ಕರೆದಳು. ಅನ್ನಪೂರ್ಣವ್ವ ಉಡಿಯ ಅಕ್ಕಿ ಅಜ್ಜಿಗೆ ಕೊಟ್ಟು ಬಂದು ಕೂತು, ಬೋಗುಣಿಯ ತಳಕ್ಕೆ ಅಂಗೈಯ ಹಿಂಬದಿ ಹಚ್ಚಿದಳು. ಹನಮಂತವ್ವ ತಿಕ್ಕತೊಡಗಿದಳು. ಗದಿಗೆವ್ವ ತನ್ನೆರಡೂ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕಾದಳು.

"ಬಂತ್ರೀ ಅತ್ತಿ" ಎಂದಳು ಅನ್ನಪೂರ್ಣವ್ವ.